ನಮ್ಮ ಯಜಮಾನರ ಜೋಮು ಹಿಡಿದ ಗದ್ದ

ನಮ್ಮ ಯಜಮಾನರ ಮುಖದಲ್ಲಿ ಕಾಲು ಭಾಗ ಅವರದಲ್ಲ. ಇದು ನಾನು ಹೇಳುವ ಮಾತಲ್ಲ, ಅವರೇ ಹೇಳಿಕೊಂಡು ತಿರುಗುವುದು. ಕೆಳತುಟಿಯ ಎಡಭಾಗ, ಅದರ ಕೆಳಗಿನ ಗದ್ದ, ಅಲ್ಲಿಂದ ದವಡೆಯ ಮೂಲೆಯವರೆಗೆ ಇರುವ ಜಾಗ, ಇಷ್ಟೂ "ಪಕ್ಕದ ಮನೆಯೋರ್ದು" ಎನ್ನುತ್ತಾರೆ. ಅಲ್ಲಿ ನೊಣ ಕೂತರೆ ಓಡಿಸುವುದಿಲ್ಲ. "ಕೂತಿರೋದು ನನ್ ಜಾಗದಾಗಲ್ವಲ್ಲ, ನಂಗ್ಯಾಕೆ?" ಎನ್ನುತ್ತಾರೆ. ಇಂಥವರ ಜೊತೆ ಸಂಸಾರ ಮಾಡುತ್ತಿರುವವಳು ನಾನು!

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಷ್ಟು ವರ್ಷ ಬರೆಯುವಂಥ ವಿಷಯವೂ ಇರಲಿಲ್ಲ. ಈಗ ಮೊಮ್ಮಗಳು ಹುಟ್ಟಿದ್ದಾಳೆ. ಅವಳ ಬಗ್ಗೆ ಬರೆಯೋಣ ಎಂದು ಕೂತರೆ, ಎಲ್ಲಿಂದ ಶುರು ಮಾಡಿದರೂ ಈ ಗದ್ದ ಅಡ್ಡ ಬರುತ್ತದೆ. ಅವಳಿಗೆ ಎರಡು ಕೆನ್ನೆ ಇವೆ, ಎರಡೂ ಒಂದಕ್ಕಿಂತ ಒಂದು ಚೆನ್ನಾಗಿವೆ. ಇದನ್ನು ಇಲ್ಲಿ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದ್ದೇನೆ. ಈಗ ಗದ್ದಕ್ಕೆ ಬರುತ್ತೇನೆ.

ಬಂಗಾರಪೇಟೆಗೂ ಕೋಲಾರ ಚಿನ್ನದ ಗಣಿಗೂ ನಡುವೆ ನಮ್ಮೂರು. ಮನೆಯಲ್ಲಿ ಎರಡು ಹಸು. ಒಂದು ಬೆಳಗ್ಗೆ ಇವರು ಹಸುವಿನ ಕತ್ತಿನ ಕೆಳಗೆ ಬಗ್ಗಿ ಉಣ್ಣೆ ಹುಳ ಕೀಳುತ್ತಾ, ಅದಕ್ಕೆ ಊರಿನ ರಾಜಕೀಯ ವಿವರಿಸುತ್ತಿದ್ದರು. ಹಸುವಿಗೆ ಇವರ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅದು ನೊಣ ಓಡಿಸಲು ತಲೆ ಎತ್ತಿತು, ದಾರಿಯಲ್ಲಿ ಇವರ ದವಡೆ ಇತ್ತು. ಅಷ್ಟೇ ನಡೆದದ್ದು. ದವಡೆ ಎರಡು ತುಂಡಾಯಿತು. ಆಪರೇಷನ್ ಮಾಡಿ, ಪ್ಲೇಟು ಇಟ್ಟು ಸ್ಕ್ರೂ ಹಾಕಿದರು. ನಮ್ಮ ಮನೆಯ ಮುಂಬಾಗಿಲಿಗಿಂತ ಹೆಚ್ಚು ಸ್ಕ್ರೂ ಈಗ ಇವರ ಬಾಯಲ್ಲಿವೆ. ಬಾಗಿಲು ಇವರಷ್ಟು ಸದ್ದು ಮಾಡುವುದಿಲ್ಲ ಎನ್ನುವುದು ಬೇರೆ ಮಾತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಯಾವುದೋ ದೂರದ ಊರಿನವರು. "ಮೂಳೆ ಕೂಡುತ್ತೆ ತಾತಾ. ಆದರೆ ಒಳಗಿನ ನರಕ್ಕೆ ಪೆಟ್ಟಾಗಿದೆ. ಎಡಗಡೆ ತುಟಿ, ಗದ್ದ ಜೋಮು ಹಿಡಿದ ಹಾಗೇ ಇರುತ್ತೆ. ನಿಧಾನಕ್ಕೆ ಸ್ಪರ್ಶ ಬರಬಹುದು, ಪೂರ್ತಿ ಬರದೆಯೂ ಇರಬಹುದು" ಎಂದು ಸಮಾಧಾನವಾಗಿ ಹೇಳಿದರು. ಆಮೇಲೆ, "ಸ್ವಲ್ಪ ದಿನ ಏನನ್ನೂ ಅಗಿಯಬೇಡಿ. ಮೆತ್ತಗಿರೋದನ್ನ ಹಾಗೇ ನುಂಗೋದು ಅಭ್ಯಾಸ ಮಾಡ್ಕೊಳ್ಳಿ. ಕಷ್ಟ ಆಗುತ್ತೆ, ಗೊತ್ತು" ಎಂದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂರು ಹೊತ್ತೂ ರಾಗಿಮುದ್ದೆ ನುಂಗುವ ಜನಕ್ಕೆ ನುಂಗುವ ಅಭ್ಯಾಸ ಮಾಡಿಕೊಳ್ಳಿ ಎಂದರೆ ಏನು ಹೇಳುವುದು? ಮುದ್ದೆ ಅಗಿಯುವವನನ್ನು ಕಂಡರೆ ನಮ್ಮ ಕಡೆ "ಯಾವೂರಪ್ಪಾ ನಿಂದು?" ಎಂದು ಕೇಳುತ್ತಾರೆ. ಇವರು ಕಟ್ಟು ಹಾಕಿದ ಬಾಯಲ್ಲೇ, "ನೋಡ್ದಾ, ನಮ್ಮೂರೋರ್ಗೆ ದೇವ್ರು ದವಡೆ ಕೊಟ್ಟಿದ್ದೇ ದಂಡ" ಎಂದರು. ನಗಲು ಹೋಗಿ ನೋವಾಗಿ, ಆ ದಿನ ಮತ್ತೆ ಮಾತಾಡಲಿಲ್ಲ. ಆಪರೇಷನ್‌ನಿಂದ ನನಗೆ ಸಿಕ್ಕ ಮೊದಲ ಲಾಭ ಅದು.

ಮುದ್ದೆಯಿಂದ ತೊಂದರೆ ಆಗಲಿಲ್ಲ, ಸಾರಿನಿಂದ ಆಯಿತು. ಎಡಗಡೆಯಿಂದ ಸಾರು ಗದ್ದಕ್ಕೆ ಇಳಿದು, ಗದ್ದದಿಂದ ಅಂಗಿಗೆ ಇಳಿದರೂ ಇವರಿಗೆ ತಿಳಿಯದು. ಅದಕ್ಕೆ ಒಂದು ಸನ್ನೆ ಮಾಡಿಕೊಂಡೆವು. ನಾನು ನನ್ನ ಗದ್ದ ಮುಟ್ಟಿದರೆ ಇವರು ತಮ್ಮ ಗದ್ದ ಒರೆಸಿಕೊಳ್ಳಬೇಕು. ಮನೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಬಂಗಾರಪೇಟೆಯ ಒಂದು ಮದುವೆಯಲ್ಲಿ ನಾನು ಎದುರು ಸಾಲಿನಲ್ಲಿ ಊಟಕ್ಕೆ ಕೂತು, ಇವರ ಗದ್ದದ ಮೇಲೆ ರಸ ಕಂಡು ಸನ್ನೆ ಮಾಡಿದೆ. ಇವರ ಕಣ್ಣು ಹೋಳಿಗೆಯ ಮೇಲಿತ್ತು. ಮತ್ತೆ ಮಾಡಿದೆ. ಆ ಸಾಲಿನಲ್ಲಿದ್ದ ಮದುವೆ ಹುಡುಗಿಯ ಚಿಕ್ಕಪ್ಪ ಗದ್ದ ಒರೆಸಿಕೊಂಡರು. ಅವರ ಪಕ್ಕದವರು ಒರೆಸಿಕೊಂಡರು. ಹೀಗೇ ಸಾಲು ಪೂರ್ತಿ, ಕೊನೆಯಲ್ಲಿ ಕೂತಿದ್ದ ಪುರೋಹಿತರವರೆಗೂ ಗದ್ದ ಒರೆಸಿಕೊಂಡರು. ಇವರೊಬ್ಬರು ತಲೆಯೆತ್ತಿ, ರಸ ಸುರಿಸುತ್ತಾ, ಎಲ್ಲರಿಗೂ ಕೇಳುವ ಹಾಗೆ ನನ್ನನ್ನೇ ಕೇಳಿದರು:

"ಲೇ, ಇವ್ರೆಲ್ಲ ಯಾಕೆ ಮೂತಿ ಒರೆಸ್ಕೊಂತಾವ್ರೆ?"

ವಾಪಸ್ಸು ಬರುವಾಗ ಪಾನಿಪುರಿ ಬೇಕೆಂದರು. ಬಂಗಾರಪೇಟೆಯ ಪಾನಿಗೆ ಬಣ್ಣವೇ ಇರುವುದಿಲ್ಲವಲ್ಲ, ಅದರಿಂದ ಅಂಗಿ ಉಳಿಯಿತು.

ಆಮೇಲೆ ಗಣಿ ಕಡೆಯ ರಾಬರ್ಟ್‌ಸನ್‌ಪೇಟೆಯ ಕ್ಷೌರದ ಅಂಗಡಿ. ಅಲ್ಲಿನ ಹುಡುಗನಿಗೂ ಇವರಿಗೂ ಹಳೆಯ ಸಲುಗೆ.

"ಎಡಗಡೆ ಕೆರೆದ್ಯೇನ್ಲಾ?"

"ಕೆರೆದೆ ಮಾಮಾ."

"ಸುಳ್ಳು ಬೊಗಳ್ಬ್ಯಾಡ. ನಂಗೊಂಚೂರೂ ತಿಳೀಲಿಲ್ಲ."

"ಕನ್ನಡಿ ನೋಡ್ಕೊ ಮಾಮಾ!"

"ಕನ್ನಡಿ ನಿಂದು ಕಣ್ಲಾ."

ಅವತ್ತಿನಿಂದ ಕ್ಷೌರ ಮನೆಯಲ್ಲೇ. ಬಲಗಡೆ ನುಣ್ಣಗೆ ಮಾಡಿಕೊಳ್ಳುತ್ತಾರೆ. ಎಡಗಡೆ ಬ್ಲೇಡು ಎಲ್ಲಿದೆಯೆಂದು ತಿಳಿಯದೆ, ಹೆದರಿ ಮೇಲೆಮೇಲೆ ಆಡಿಸಿ ಬಿಟ್ಟುಬಿಡುತ್ತಾರೆ. ಕೊಯ್ಲಾದ ರಾಗಿ ಹೊಲದ ಕೂಳೆಯ ಹಾಗೆ ನಿಂತಿರುತ್ತದೆ.

ಇಲ್ಲಿಯವರೆಗೆ ನಕ್ಕಿದ್ದಾಯಿತು. ನಮ್ಮ ಬೀದಿಯ ಮಕ್ಕಳಿಗೆ ಮೈ ಬಿಸಿಯಾದರೆ ಮೊದಲು ತೋರಿಸುತ್ತಿದ್ದದ್ದು ಇವರಿಗೆ. ಡಾಕ್ಟರ್ ಅಲ್ಲ, ಕಾಂಪೌಂಡರ್ ಕೂಡ ಅಲ್ಲ, ಚಿನ್ನದ ಗಣಿ ಮುಚ್ಚುವವರೆಗೆ ಅಲ್ಲಿನ ಕೋರಮಂಡಲ್‌ನಲ್ಲಿ ಕೆಲಸ ಮಾಡಿ ಬಂದವರು. ಆದರೆ ಮಗುವಿನ ಹಣೆಗೆ ಕೆಳತುಟಿ, ಗದ್ದ ಒತ್ತಿ ಒಂದು ಗಳಿಗೆ ಕಣ್ಣುಮುಚ್ಚಿ, ಜ್ವರ ಇದೆಯೋ ಇಲ್ಲವೋ, ಇದ್ದರೆ ಕಷಾಯ ಸಾಕೋ ಬಂಗಾರಪೇಟೆಗೆ ಓಡಬೇಕೋ ಹೇಳಿಬಿಡುವರು. "ಕೈ ಸುಳ್ಳು ಏಳ್ತದೆ, ತುಟಿ ಏಳಲ್ಲ" ಎನ್ನುವರು. ನಮ್ಮ ಮಗಳು ಬೆಳೆದದ್ದೂ ಹಾಗೇ. ಹಸುವಿನ ಕರುವನ್ನೂ ಹಾಗೇ ನೋಡುತ್ತಿದ್ದರು.

ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ ಎದುರು ಮನೆಯ ಹುಡುಗಿ ತನ್ನ ಕೂಸನ್ನು ಎತ್ತಿಕೊಂಡು ಬಂದಳು. "ಮಾವಾ, ಮೈ ಬೆಚ್ಚಗೈತೆ ಅನಿಸ್ತದೆ, ನೋಡು." ಇವರು ಯೋಚನೆ ಮಾಡದೆ, ಯಾವತ್ತಿನ ಅಭ್ಯಾಸದಂತೆ ಎಡಗಡೆಯನ್ನೇ ಹಣೆಗೆ ಒತ್ತಿದರು. ಕಣ್ಣುಮುಚ್ಚಿದರು. "ಏನೂ ಇಲ್ಲ, ತಣ್ಣಗವ್ಳೆ. ಕರ್ಕೊಂಡೋಗು" ಎಂದರು.

ಸಾಯಂಕಾಲಕ್ಕೆ ಮಗು ಬೆಂಕಿಯಂತೆ ಸುಡುತ್ತಿತ್ತು. ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಔಷಧಿ ಕೊಡಿಸಿದರು, ಮಾರನೇ ದಿನ ಅದು ನಮ್ಮ ಕೋಳಿಯನ್ನು ಅಟ್ಟಿಸಿಕೊಂಡು ಓಡಾಡುತ್ತಿತ್ತು. ಯಾರೂ ಇವರನ್ನು ಒಂದು ಮಾತು ಅನ್ನಲಿಲ್ಲ. ಇವರು ಮಾತ್ರ ಪೇಟೆಗೆ ಹೋಗಿ ಥರ್ಮಾಮೀಟರ್ ತಂದು, ದಾರ ಕಟ್ಟಿ, ಜಗುಲಿಯ ಕಂಬಕ್ಕೆ ನೇತುಹಾಕಿದರು. "ಇನ್ಮ್ಯಾಲೆ ಇವ್ನನ್ನ ಕೇಳ್ರಿ" ಎಂದು ಒಳಗೆ ಹೋದರು. ಅಂದಿನಿಂದ ಯಾವ ಮಗುವಿನ ಹತ್ತಿರವೂ ಮುಖ ತೆಗೆದುಕೊಂಡು ಹೋಗಲಿಲ್ಲ.

ಆದರೆ ಗದ್ದದ ಪರೀಕ್ಷೆ ಮಾತ್ರ ಜೋರಾಯಿತು. ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಕನ್ನಡಿ ಮುಂದೆ ಕೂರುವರು. ಕೋಳಿ ಪುಕ್ಕ, ಐಸು, ಹಸಿಮೆಣಸಿನಕಾಯಿ, ಎಲ್ಲವನ್ನೂ ತುಟಿಗೆ ತಾಗಿಸಿ ಕಾಯುವರು. ಕೊನೆಗೆ ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಬಂದರು. ತುಟಿಗೆ ಸಿಕ್ಕಿಸಿಕೊಂಡು, "ಬತ್ತದೆ, ಇವತ್ತಲ್ಲ ನಾಳೆ ಬತ್ತದೆ" ಎನ್ನುವರು. ಇದೇ ಅವಸ್ಥೆಯಲ್ಲಿ ಇರುವಾಗ ಒಂದು ದಿನ ನಾನು ಆಸ್ಪತ್ರೆಯಿಂದ ಫೋನ್ ಮಾಡಿದೆ. ಹೆರಿಗೆಗೆ ಬಂದಿದ್ದ ಮಗಳನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಸೇರಿಸಿದ್ದೆವು.

"ಎಣ್ಮಗು ಕಣ್ರೀ! ಬಂಗಾರದ ಗೊಂಬೆ!"

ಚಪ್ಪಲಿ ಹಾಕಿಕೊಂಡು ಓಡಿದವರು, ಗಣಿ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದವರು, ತುಟಿಯ ಮೇಲಿನ ಕ್ಲಿಪ್ಪು ಮರೆತೇಬಿಟ್ಟರು. ಮರೆಯದೆ ಏನು ಮಾಡುತ್ತಾರೆ, ಅದು ಪಕ್ಕದ ಮನೆಯವರ ಜಾಗ! ರೈಲಿನಲ್ಲಿ ಎಲ್ಲರೂ ನೋಡಿದರಂತೆ. ತಮ್ಮ ಸಂತೋಷ ಮುಖದಲ್ಲಿ ಅಷ್ಟು ಕಾಣುತ್ತಿದೆಯಲ್ಲ ಎಂದು ಇವರು ಇನ್ನಷ್ಟು ನಕ್ಕರಂತೆ. ಎದುರಿಗೆ ಕೂತಿದ್ದ ತಮಿಳು ಅಜ್ಜಿ ಮೆಲ್ಲಗೆ ಕೇಳಿದಳು, "ಮುರುಗನ್‌ಗೆ ವೇಂಡುದಲಾ ತಾತಾ?" ಅಂದರೆ, ಮುರುಗನಿಗೆ ಹೊತ್ತ ಹರಕೆಯಾ ಎಂದು. ಗಣಿ ಕಡೆ ಹರಕೆ ಹೊತ್ತವರು ಕೆನ್ನೆಗೆ, ತುಟಿಗೆ ಪುಟ್ಟ ವೇಲು, ಅಂದರೆ ಮುರುಗನ ಈಟಿ, ಚುಚ್ಚಿಕೊಂಡು ಕಾವಡಿ ಹೊರುತ್ತಾರಲ್ಲ, ಅವಳು ಇದನ್ನೂ ಹಾಗೇ ಎಂದುಕೊಂಡಿದ್ದಾಳೆ. ಪ್ಲಾಸ್ಟಿಕ್ಕಿನ ವೇಲು, ಅದೂ ಹಸಿರು ಬಣ್ಣದ್ದು! ಇವರೋ, ಮಗು ಹರಕೆಯಿಂದ ಹುಟ್ಟಿತಾ ಎಂದು ಕೇಳುತ್ತಿದ್ದಾಳೆ ಎಂದುಕೊಂಡು, "ಆಮಾ ಆಮಾ! ಪೇತ್ತಿ ಪೊರಂದಿರುಕ್ಕಾ!" ಎಂದರು. ಹೌದು, ಮೊಮ್ಮಗಳು ಹುಟ್ಟಿದ್ದಾಳೆ ಎಂದು ಕೇಳಿದ್ದೇ ಅಜ್ಜಿ ಕೈಮುಗಿದಳು. ಪಕ್ಕದವರೂ ಮುಗಿದರು. ಇವರು ಎಲ್ಲರಿಗೂ ಆಶೀರ್ವಾದ ಮಾಡಿಕೊಂಡು ಇಳಿದರು.

ಬಾಣಂತಿ ಕೋಣೆಗೆ ಬಂದಾಗ ಮಗಳು ಕಿರುಚಿದಳು. "ಅಪ್ಪಾ! ಏನಪ್ಪಾ ಅದು ತುಟಿ ಮ್ಯಾಲೆ?" ಕ್ಲಿಪ್ಪು ತೆಗೆದು ನೋಡಿಕೊಂಡು, "ಓ, ಇದಾ? ಇನ್ನೂ ಬಂದಿಲ್ಲ" ಎಂದು ಜೇಬಿಗೆ ಹಾಕಿಕೊಂಡರು. ಕೂಸನ್ನು ಕೊಡಲು ಹೋದೆ. ಒಂದು ಹೆಜ್ಜೆ ಹಿಂದೆ ಸರಿದರು.

ಅದು ಹಾಗೆಯೇ ಮುಂದುವರಿಯಿತು. ನನ್ನ ಮೊಮ್ಮಗಳನ್ನು ಬೀದಿಯವರೆಲ್ಲ ಮುದ್ದಾಡಿದರು. ಹಾಲಿನ ಡೈರಿಯ ಕಾರ್ಯದರ್ಶಿ ಮುದ್ದಾಡಿದರು. ದಾರಿಯಲ್ಲಿ ಹೋಗುವ ಪಾತ್ರೆ ಮಾರುವವನು ಮುದ್ದಾಡಿದ. ಇವರೊಬ್ಬರು ಎತ್ತಿಕೊಂಡರೂ, ತುಂಬಿದ ಹಾಲಿನ ಕ್ಯಾನು ಹಿಡಿದ ಹಾಗೆ ಮೈಯಿಂದ ದೂರ ಹಿಡಿಯುವರು. ಅವಳು ಮುಖದ ಕಡೆ ಕೈ ಚಾಚಿದರೆ ಕತ್ತು ಹಿಂದೆ ಎಳೆದುಕೊಳ್ಳುವರು.

"ಒಂದು ಮುತ್ತು ಕೊಡ್ರಿ, ತಾತ ಅಲ್ವಾ ನೀವು?"

"ನಂದು ಗರಗಸ ಕಣೇ. ಚುಚ್ಚಿದ್ರೂ ನಂಗೆ ತಿಳಿಯಲ್ಲ."

"ಬಲಗಡೆಯಿಂದ ಕೊಡ್ರಿ."

"ಅರ್ಧ ಮುತ್ತು ಕೊಡ್ಲಾ? ದೊಡ್ಡೋಳಾದ್ಮ್ಯಾಲೆ ಉಳಿದರ್ಧ ಎಲ್ಲಿ ಅಂತ ಕೇಳ್ತಾಳೆ."

ಹೀಗೆ ಮಾತಿಗೆ ಮಾತು. ಒಂದು ದಿನ ಹುಲ್ಲು ಹಾಕುತ್ತಾ ಅವರಾಗಿಯೇ, ನನ್ನ ಕಡೆ ನೋಡದೆ ಹೇಳಿದರು: "ಕೊಟ್ಟೂ ನಂಗೇನೂ ಗೊತ್ತಾಗ್ಲಿಲ್ಲ ಅಂದ್ರೆ ಎಂಗೆ? ಅದ್ಕಿಂತ ಕೊಡ್ದೇ ಇರೋದೇ ವಾಸಿ. ಕೊಟ್ಟಿಲ್ವಲ್ಲ, ಅದ್ಕೆ ಗೊತ್ತಿಲ್ಲ ಅಂತಾನಾದ್ರೂ ಅಂದ್ಕೊಂಬೋದು." ನಾಲ್ಕನೇ ಕ್ಲಾಸಿಗೆ ಇಂಥದಕ್ಕೆಲ್ಲ ಉತ್ತರ ಹೇಳಿಕೊಟ್ಟಿರಲಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಮುದ್ದೆ ತಿರುವುತ್ತಿದ್ದೆ. ಹಿಟ್ಟು ಹಾಕಿ ಕೋಲು ಹಿಡಿದ ಮೇಲೆ ಬಿಟ್ಟು ಏಳುವ ಹಾಗಿಲ್ಲ, ಗಂಟಾಗುತ್ತದೆ. ಮಗಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಜೋಲಿಯಲ್ಲಿ ಮಲಗಿದ್ದ ಕೂಸು ಎದ್ದು ಒಂದೇ ಸಮ ಕಿರುಚತೊಡಗಿತು. ಎರಡು ದಿನದಿಂದ ಹೀಗೇ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಟ್ಟುಕೊಂಡು ಅಳು.

"ಯಾರಾದ್ರೂ ಎತ್ಕೊಳ್ರಮ್ಮಾ!" ಎಂದು ಇವರು ಜಗುಲಿಯಿಂದ ಕೂಗಿದರು.

"ಯಾರೂ ಇಲ್ಲ! ನೀವೇ ಎತ್ಕೊಳ್ರಿ!"

ಅಳು ಇನ್ನೂ ಏರಿತು. ಇವರ ಕಾಲ ಸಪ್ಪಳ ಕೇಳಿತು. "ಅಯ್ಯಯ್ಯೋ, ನನ್ನವ್ವ, ಬಾ ಬಾ" ಎಂದದ್ದು ಕೇಳಿತು. ಆಮೇಲೆ ಅಳು ಥಟ್ಟನೆ ನಿಂತಿತು. ಮಕ್ಕಳನ್ನು ಸಾಕಿದವರಿಗೆ ಗೊತ್ತು, ಅಳುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಅಳು ಹೀಗೆ ನಿಲ್ಲುವುದು. ಕೋಲು ಕೈಯಲ್ಲಿ ಹಿಡಿದೇ ಎದ್ದು ಓಡಿದೆ.

ಇವರು ಗೋಡೆಗೆ ಒರಗಿ ಕೂತಿದ್ದರು. ಕೂಸು ಎರಡೂ ಕೈಯಲ್ಲಿ ಇವರ ಎರಡೂ ಕಿವಿ ಹಿಡಿದು, ಗದ್ದಕ್ಕೆ ಬಾಯಿ ಹಾಕಿ ಕಚ್ಚಿಕೊಂಡಿತ್ತು. ಇವರು ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲುಗಾಡುತ್ತಿರಲಿಲ್ಲ.

"ಏನ್ ಮಾಡ್ತಾವ್ಳೆ?" ಎಂದರು, ಬಾಯಿ ಪೂರ್ತಿ ತೆರೆಯದೆ.

"ಗದ್ದ ಕಚ್ತಾವ್ಳೆ."

"ಯಾವ ಕಡೆ?"

"ಎಡಗಡೆ."

"ಕೂದ್ಲು ಚುಚ್ತೈತಾ? ಅವ್ಳ ಬಾಯಿ ಕೆಂಪಗಾಗೈತಾ ನೋಡೇ!"

"ಏನೂ ಆಗಿಲ್ಲ. ಕಬ್ಬಿನ ಜಲ್ಲೆ ಸಿಕ್ಕಿದಂಗೆ ಚೀಪ್ತಾವ್ಳೆ."

"ನಂಗೊಂಚೂರೂ ತಿಳೀತಿಲ್ಲ ಕಣೇ" ಎಂದರು. ಅಷ್ಟು ಸಣ್ಣ ದನಿಯನ್ನು ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ.

ಕೋಲು ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಅವಳ ಬಾಯಿಗೂ ಇವರ ಗದ್ದಕ್ಕೂ ನಡುವೆ ಮೆಲ್ಲಗೆ ತೂರಿಸಿದೆ.

"ಬೆಚ್ಚಗೈತೆ" ಎಂದೆ. "ಒದ್ದೆ ಐತೆ. ಒಸಡು ಮೆತ್ತಗೈತೆ, ನೆನೆಸಿದ ಅವರೆಕಾಳಿನಂಗೆ. ನಾಲ್ಗೆ ಒಂದ್ಕಡೆ ನಿಲ್ತಿಲ್ಲ, ಆ ಕಡೆ ಈ ಕಡೆ ಆಡ್ತೈತೆ. ಕೆಳಗ್ಡೆ ಏನೋ..."

"ಏನೇ? ಏನಾಯ್ತೇ?"

"ಗಟ್ಟಿಗೆ ತಗುಲ್ತಾ ಐತೆ. ಅಕ್ಕಿ ನುಚ್ಚಿನಷ್ಟು. ಅಲ್ಲು ಕಣ್ರೀ! ಅಲ್ಲು ಬಂದೈತೆ ನಮ್ ಕೂಸಿಗೆ!"

ನನ್ನ ಕೂಗಿಗೆ ಮಗಳು ಒದ್ದೆ ತಲೆಯಲ್ಲೇ ಓಡಿ ಬಂದಳು. ಕೂಸು ಮಾತ್ರ ಯಾರಿಗೂ ಸೊಪ್ಪು ಹಾಕದೆ ತನ್ನ ಕೆಲಸ ಮುಂದುವರಿಸಿತು. ಒಳಗೆ ಮುದ್ದೆ ತಳ ಹಿಡಿಯುವ ವಾಸನೆ ಬಂತು. ಏಳಲು ಹೋದೆ. ಇವರು ನನ್ನ ಮಣಿಕಟ್ಟು ಹಿಡಿದರು.

"ಈ ಗದ್ದದ್ ಮ್ಯಾಲೇನಾ ಊರ್ತಾ ಇರೋದು?"

"ಇದ್ರ ಮ್ಯಾಲೇ. ಗುರ್ತು ಬಿದ್ದೈತೆ."

ಅವಳ ಬೆನ್ನಿಗೆ ಇನ್ನೊಂದು ಕೈ ಕೊಟ್ಟು, ಹತ್ತಿರಕ್ಕೆ ಒತ್ತಿಕೊಂಡರು. ಕಣ್ಣು ಮುಚ್ಚಿದರು.

"ಆಮೇಲೆ?" ಎಂದರು. "ಈಗೇನ್ ಮಾಡ್ತಾವ್ಳೆ?"

ನಾನು ಕೂತು ಹೇಳಿದೆ.