ಅತ್ತಿ ತಂದ ಎ.ಸಿ.

ನಮ್ಮ ಸಣ್ಣತ್ತಿಯ ಮನೆಗೆ ನೀವು ಹೋಗುವುದಾದರೆ ಧಾರಾಳವಾಗಿ ಹೋಗಿ, ಆದರೆ ತಿರುಪು ಇರುವ ಯಾವ ವಸ್ತುವನ್ನೂ ಜೊತೆಗೆ ಒಯ್ಯಬೇಡಿ! ಕೈಗಡಿಯಾರ, ಟಾರ್ಚು, ಛತ್ರಿ, ಕನ್ನಡಕ, ಯಾವುದೂ ಬೇಡ. ನೀವು ನೀರು ಕುಡಿದು ತಂಬಿಗೆ ಕೆಳಗಿಡುವುದರೊಳಗೆ ನಿಮ್ಮ ಕನ್ನಡಕದ ಒಂದು ಕಡ್ಡಿ ಆಕೆಯ ಕೈಯಲ್ಲಿರುತ್ತದೆ. "ಇದು ಸ್ವಲ್ಪ ಸಡ್ಲ ಆಗ್ಯಾದ, ತಡಿ" ಎನ್ನುತ್ತಾಳೆ. ಅದು ಮೊದಲು ಸಡಿಲವಾಗಿತ್ತೋ ಇಲ್ಲವೋ ದೇವರಿಗೇ ಗೊತ್ತು, ಆಮೇಲೆ ಮಾತ್ರ ಖಂಡಿತ ಸಡಿಲವಾಗಿರುತ್ತದೆ!

ಸಣ್ಣತ್ತಿ ಎಂದರೆ ನಮ್ಮಪ್ಪನ ತಂಗಿ. ಶಹಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ರಿಟೈರಾದವಳು; ಊರಿಗೆ ಆಕೆ 'ಬಾಯಾರು', ಅಂದರೆ ಟೀಚರಮ್ಮ. ಆಕೆಯ ಯಜಮಾನರು, ನಮ್ಮ ಮಾಮಾ, ಬಸ್ ಕಂಡಕ್ಟರಾಗಿ ರಿಟೈರಾದವರು. ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಮನೆಯ ಬಾಗಿಲಲ್ಲಿ ಮೂರು ಮಂದಿ ನಿಂತರೆ ಸಾಕು, "ಮುಂದ ಸರೀರಿ, ಒಳಗ ಜಾಗಾ ಅದ" ಎಂದುಬಿಡುತ್ತಿದ್ದರು. ಯಾದಗಿರಿ ಹೊಸದಾಗಿ ಜಿಲ್ಲೆಯಾಗಿ ಅಲ್ಲಿನ ಕಚೇರಿಗಳು ಇನ್ನೂ ಕುರ್ಚಿ ಹುಡುಕುತ್ತಿದ್ದ ಕಾಲದಲ್ಲಿ ನನಗೆ ಅಲ್ಲೊಂದು ಟೈಪಿಸ್ಟ್ ಕೆಲಸ ಸಿಕ್ಕಿತು. ಅತ್ತಿಯ ಮನೆಯಲ್ಲಿದ್ದು ದಿನಾ ಬಸ್ಸಿಗೆ ಹೋಗಿಬರುತ್ತಿದ್ದೆ. ಹಾಗಾಗಿ ಮುಂದಿನದಕ್ಕೆಲ್ಲ ನಾನು ಕಣ್ಣಾರೆ ಕಂಡ ಸಾಕ್ಷಿ. ಒಂದೆರಡು ಸಲ ಗಾಯಾಳು ಕೂಡ!

ಎಲ್ಲಕ್ಕೂ ಮೂಲ ಒಂದು ಡಬರಿ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಸಾರು ಕುದಿಯುತ್ತಿದ್ದುದು ಅತ್ತಿಯ ದೊಡ್ಡ ಜರ್ಮನ್ ಡಬರಿಯಲ್ಲೇ. ಅಲ್ಯೂಮಿನಿಯಂ ಪಾತ್ರೆಗೆ ನಮ್ಮ ಕಡೆ ಜರ್ಮನ್ ಅನ್ನುತ್ತಾರೆ. ಆ ದೇಶದವರಿಗೆ ಈ ವಿಷಯ ಗೊತ್ತಿದೆಯೋ ಇಲ್ಲವೋ! ಒಂದು ದಿನ ಅದರ ತಳ ಸೀಳಿತು. ಅತ್ತಿ ಅದನ್ನು ಹೊತ್ತುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದಳು.

"ಬಾಯಾರ, ನಮ್ಮ ಮಿಷನ್ ಕಬ್ಬಿಣಕ್ಕ. ಇದಕ್ಕ ಹಚ್ಚಿದ್ರ ಬೆಣ್ಣಿ ಕರಗಿದಂಗ ಕರಗಿ ಹೋಗ್ತದ್ರಿ. ಇದಕ್ಕ ಬ್ಯಾರೇ ಮಿಷನ್ನೇ ಬೇಕು" ಎಂದ ಅಂಗಡಿಯವನು.

"ಎಲ್ಲಿ ಸಿಗ್ತದ?"

"ಹೈದರಾಬಾದಿನಾಗ ಸಿಗ್ತದ. ತರಸ್ರಲ್ಲಾ!" ಎಂದು ನಕ್ಕ.

ಪಾಪ, ತಮಾಷೆಗೆ ಅಂದ. ಅವನಿಗೆ ನಮ್ಮ ಅತ್ತಿಯ ಪರಿಚಯ ಇರಲಿಲ್ಲ.

ಆವತ್ತು ಸಂಜೆಯೇ ಅತ್ತಿ ಘೋಷಿಸಿದಳು: "ಕಾಶಿಗೆ ಹೋಗಾಕ ಇಟ್ಟ ರೊಕ್ಕದಾಗ ಹೈದರಾಬಾದಿನಿಂದ ಎ.ಸಿ. ಮಿಷನ್ ತರಸಾಕತ್ತೇನಿ." ಮೇ ತಿಂಗಳು. ನಮ್ಮ ಕಡೆಯ ಮೇ ತಿಂಗಳೆಂದರೆ ಗೋಡೆಗೆ ಬೆನ್ನು ಕೊಟ್ಟರೆ ಹಂಚಿಗೆ ಬೆನ್ನು ಕೊಟ್ಟ ಹಾಗೆ. ಮಾಮಾನ ಕಣ್ಣಲ್ಲಿ ನೀರು ಬಂತು. ಕಾಶಿ ಹೋದರೆ ಹೋಗಲಿ, ಹೆಂಡತಿಗೆ ತನ್ನ ಬೆವರು ಕಂಡಿತಲ್ಲ! ಮರುದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಹಳೆಯ ಡ್ರೈವರ್, ಕಂಡಕ್ಟರುಗಳಿಗೆಲ್ಲ ಹೇಳಿಬಂದರು. ಇಬ್ಬರನ್ನು ತಂಪು ಹವೆಗೆಂದು ಮನೆಗೆ ಕರೆದೂಬಿಟ್ಟರು.

ಎಂಟು ದಿನಕ್ಕೆ ಟೆಂಪೋ ಬಂತು. ಅದರಿಂದ ಇಳಿದದ್ದು ಒಂದು ಕೆಂಪು ಪೆಟ್ಟಿಗೆ, ಒಂದಿಷ್ಟು ವೈರು, ಕುಸ್ತಿ ಪೈಲ್ವಾನನ ತೊಡೆಯಷ್ಟು ದಪ್ಪದ ಒಂದು ಸಿಲಿಂಡರ್, ಮತ್ತು ಒಂದು ಕಪ್ಪು ಮುಖವಾಡ.

"ಇದು ಎ.ಸಿ. ಏನು?" ಮಾಮಾ ಕೇಳಿದರು.

"ಹೌದು. ಡಿ.ಸಿ.ನೂ ಅದ. ಆದ್ರ ಅಲ್ಯೂಮಿನಿಯಂಗೆ ಎ.ಸಿ. ಕರೆಂಟೇ ಬೇಕು."

ಮಾಮಾ ಸಿಲಿಂಡರನ್ನು ಒಮ್ಮೆ ತಟ್ಟಿದರು. "ಇದ್ರಾಗ ಏನದ?"

"ಆರ್ಗಾನ್. ಅದೊಂಥರಾ ಗಾಳಿ."

"ಗಾಳಿ! ಗಾಳಿ ಕೊಳ್ಳಾಕ ಹೈದರಾಬಾದಿಗೆ ಯಾಕ ಹೋಗಬೇಕಿತ್ತು? ಶಹಾಪುರದಾಗ ಗಾಳಿ ಇಲ್ಲೇನು?"

ತಂಪು ಹವೆಗೆಂದು ಬಂದ ಇಬ್ಬರು ಡ್ರೈವರುಗಳೇ ಸಿಲಿಂಡರ್ ಎತ್ತಿ ಹಿತ್ತಲಿನ ಶೆಡ್ಡಿಗೆ ಸಾಗಿಸಿ, ಬೆವರು ಒರೆಸಿಕೊಳ್ಳುತ್ತ ಹೋದರು.

ಮಿಷನ್ನಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನದು. ನಾನು ಓದಿ ಹೇಳಬೇಕು, ಅತ್ತಿ ಮಾಡಬೇಕು. ಮಿಷನ್ನಿನ ತುದಿಯಲ್ಲಿ ಟಂಗ್‌ಸ್ಟನ್ನಿನ ಒಂದು ಕಡ್ಡಿ. ಅದನ್ನು ಚೂಪಾಗಿ ಮಸೆದು ಅಲ್ಯೂಮಿನಿಯಂ ಹತ್ತಿರ ಹಿಡಿಯಬೇಕು, ಆದರೆ ತಾಕಿಸಬಾರದು. ತಾಕಿದರೆ ಕಡ್ಡಿ ಕೆಟ್ಟಿತು, ಮತ್ತೆ ಮಸೆಯಬೇಕು. ಅತ್ತಿಗೆ ಇದು ಅವಮಾನ ಅನಿಸಿತು. "ಮೂವತ್ತು ವರ್ಷ ಸೂಜಿ ಚುಚ್ಚೋದು ಕಲಿಸೀನಿ. ಈಗ ಸೂಜಿ ಹಿಡಿ, ಆದ್ರ ಚುಚ್ಚಬ್ಯಾಡ ಅಂತಾನ ನೋಡು!" ಎಂದು, ಆ ಪುಸ್ತಕ ಬರೆದವನಿಗೆ ಬೈದಳು. ಮೊದಲ ದಿನ ಹದಿನಾಲ್ಕು ಸಲ ಚುಚ್ಚಿದಳು, ಹದಿನಾಲ್ಕು ಸಲ ಮಸೆದಳು.

ಆದರೂ ಡಬರಿ ಕೂಡುತ್ತಿಲ್ಲ. ಬೆಳಕು ಬರುತ್ತದೆ, ಸದ್ದು ಬರುತ್ತದೆ, ಕಪ್ಪು ಮಸಿ ಬರುತ್ತದೆ. ಕೊನೆಗೆ ಹೈದರಾಬಾದಿನ ಅಂಗಡಿಯವನಿಗೆ ಫೋನ್ ಮಾಡಿದಳು. ಅವನು ಆ ಕಡೆಯಿಂದ ಕೂಗಿದ್ದು ಹಿತ್ತಲಿಗೆಲ್ಲ ಕೇಳಿಸಿತು: "ಡೀಸೀ ನಕ್ಕೋ ಅಮ್ಮಾ! ಏಸೀ ಪೇ ರಖೋ!" ಇಷ್ಟು ದಿನ ಗುಂಡಿ ಡಿ.ಸಿ. ಕಡೆಗೇ ತಿರುಗಿತ್ತು. ತಿರುಗಿಸಬೇಕಾದವಳು ನಾನು. ಆ ವಿಷಯ ಇಲ್ಲಿಗೇ ಬಿಡೋಣ.

ಎ.ಸಿ.ಗೆ ಇಟ್ಟರೂ ಮಸಿ ನಿಲ್ಲಲಿಲ್ಲ. ಮತ್ತೆ ಫೋನ್. ಈ ಸಲ ಸಿಕ್ಕಿಬಿದ್ದದ್ದು ಮಾಮಾ! ಶೆಡ್ಡಿನ ಬಾಗಿಲಲ್ಲಿ ಟೇಬಲ್ ಫ್ಯಾನ್ ಹಚ್ಚಿಕೊಂಡು ಪೇಪರು ಓದುತ್ತ ಕೂರುತ್ತಿದ್ದರು. ಆರ್ಗಾನ್ ಕೆಲಸವೇ ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಕದಂತೆ ಕಾಯುವುದು. ಫ್ಯಾನು ಆ ಕಾವಲುಗಾರನನ್ನೇ ಹಾರಿಸಿಕೊಂಡು ಹೋಗುತ್ತಿತ್ತು.

"ಫ್ಯಾನ್ ಬಂದ್ ಮಾಡ್ರಿ" ಎಂದಳು ಅತ್ತಿ.

ಮಾಮಾ ಪೇಪರು ಮಡಚಿದರು. "ಎ.ಸಿ. ಬರ್ತದಂತ ಊರಿಗೆಲ್ಲ ಹೇಳೀನಿ. ಎ.ಸಿ. ಬಂದ ಮ್ಯಾಲ ಇದ್ದ ಫ್ಯಾನೂ ಹೋಯ್ತಲ್ಲ!"

ಇನ್ನು ಬಳೆ ಅಂಗಡಿಯ ಸುದ್ದಿ. ಬೆಸೆಯುವ ಮುಂಚೆ ಅಲ್ಯೂಮಿನಿಯಂ ಮೇಲಿನ ಜಿಡ್ಡೆಲ್ಲ ತೆಗೆಯಬೇಕು. ಅದಕ್ಕೆ ಅಸಿಟೋನ್ ಬೇಕು ಎಂದು ಪುಸ್ತಕ ಹೇಳಿತು. ಶಹಾಪುರದಲ್ಲಿ ಅಸಿಟೋನ್ ಎಲ್ಲಿ? ಉಗುರಿನ ಬಣ್ಣ ತೆಗೆಯುವ ನೀರಿನಲ್ಲಿ ಅದೇ ಇರುತ್ತದೆ ಎಂದು ನಾನು ಬಾಯಿಬಿಟ್ಟೆ. ಅತ್ತಿ ಬಳೆ ಅಂಗಡಿಗೆ ಹೋಗಿ ಇದ್ದ ಹನ್ನೆರಡೂ ಶೀಶೆ ಕೊಂಡಳು. ಆಕೆಯ ಉಗುರಿಗೆ ಬಣ್ಣ ಹತ್ತಿದ್ದನ್ನು ಊರು ಎಂದೂ ಕಂಡಿರಲಿಲ್ಲ. ಅಂಗಡಿಯಾಕೆ ಆಕೆಯ ಕೈ ನೋಡಿದಳು, ಬಗ್ಗಿ ಕಾಲೂ ನೋಡಿದಳು. ಸಂಜೆಯೊಳಗೆ "ಹೊಲಿಗಿ ಬಾಯಾರಿಗೆ ಏನೋ ಆಗ್ಯಾದ" ಎಂಬ ಸುದ್ದಿ ಪಕ್ಕದ ದೋರನಹಳ್ಳಿ ಮುಟ್ಟಿತ್ತು! ಅಷ್ಟೆಲ್ಲ ಮಾಡಿದರೆ ಆ ಶೀಶೆಗಳಲ್ಲಿ ಗುಲಾಬಿ ಎಣ್ಣೆ ಬೆರೆಸಿದ್ದರಂತೆ. ಜಿಡ್ಡು ಹೋಗುವ ಬದಲು ಡಬರಿಗೆ ಸುವಾಸನೆ ಬಂತು.

ಇಷ್ಟರಲ್ಲಿ ಓಣಿಯವರು ದೂರು ತಂದರು. ಮಿಷನ್ ಹಚ್ಚಿದ ಕೂಡಲೇ ಅಕ್ಕಪಕ್ಕದ ಟಿ.ವಿ.ಗಳಲ್ಲಿ ಗೆರೆ ಗೆರೆ ಬಂದು ಚಿತ್ರ ಮಾಯವಾಗುತ್ತಿತ್ತು. ಅದೂ ಸರಿಯಾಗಿ ಧಾರಾವಾಹಿಯ ಹೊತ್ತಿಗೆ! ಐದು ಜನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮಾಮಾ "ಮುಂದ ಸರೀರಿ" ಎಂದರು.

"ಬಾಯಾರ, ಸೊಸಿ ವಿಷದ ಲೋಟ ಬಾಯಿಗೆ ಹಿಡಿದಿದ್ಳು. ಅಷ್ಟರಾಗ ನಿಮ್ಮ ಮಿಷನ್ ಚಾಲೂ ಆಯ್ತು. ಆಕಿ ಕುಡಿದ್ಳೋ ಇಲ್ಲೋ ಗೊತ್ತಾಗ್ಲಿಲ್ರಿ!"

ಅತ್ತಿ ಮುಖವಾಡ ಮೇಲೆತ್ತಿ ಶಾಂತವಾಗಿ ಹೇಳಿದಳು: "ಕುಡಿದಿಲ್ಲ. ಸೋಮವಾರದ ತನಕ ಕುಡಿಯಂಗಿಲ್ಲ. ಮನಿಗೆ ನಡೀರಿ."

ಡಬರಿಯ ಗತಿ ಏನಾಯಿತು ಎಂದಿರಾ? ಅಲ್ಯೂಮಿನಿಯಂ ಗುಣವೇ ಹಾಗೆ. ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಬೆಳ್ಳಗೆ ಸುಮ್ಮನೆ ಕೂತಿರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಕುಸಿದು ಬೀಳುತ್ತದೆ. ಬೆರಳುದ್ದದ ಸೀಳು ಅಂಗೈಯಗಲದ ತೂತಾಯಿತು, ತೂತು ಬೋಗುಣಿಯಗಲವಾಯಿತು. ಕೊನೆಗೆ ಅತ್ತಿ ಅದರಲ್ಲಿ ಮಣ್ಣು ತುಂಬಿ ಕರಿಬೇವು ನೆಟ್ಟಳು. "ನೀರು ಇಳಿದು ಹೋಗಾಕ ತೂತು ಬೇಕೇ ಬೇಕಿತ್ತು" ಎಂದಳು!

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಆದರೆ ಮಿಷನ್ ತುಂಬಿ ಬಂದಿದ್ದ ಖಾಲಿ ರಟ್ಟಿನ ಡಬ್ಬಿಯನ್ನು ಗುಜರಿಗೆ ಹಾಕಲು ಹೋದಾಗ ಅದರ ತಳದಲ್ಲಿ ಕಾಲಿನಿಂದ ಒತ್ತುವ ಒಂದು ಪೆಡಲ್ ಸಿಕ್ಕಿತು. ಕಡಿಮೆ ಒತ್ತಿದರೆ ಕಡಿಮೆ ಕಾವು, ಜಾಸ್ತಿ ಒತ್ತಿದರೆ ಜಾಸ್ತಿ ಕಾವು. ಅತ್ತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಹುಡುಗಿ, ಇದು ಹೊಲಿಗಿ ಮಿಷನ್ನಿನ ಪೆಡಲ್ಲಲ್ಲೇನ?" ಕುರ್ಚಿ ಎಳೆದು ಕೂತಳು, ಚಪ್ಪಲಿ ಬಿಟ್ಟಳು, ಬರಿಗಾಲು ಅದರ ಮೇಲಿಟ್ಟಳು. ಕೈ ಎರಡು ತಿಂಗಳಲ್ಲಿ ಕಲಿಯದ್ದನ್ನು ಆ ಕಾಲು ಎರಡು ದಿನದಲ್ಲಿ ಕಲಿತಿತು. ಒತ್ತಿದಾಗ ಲೋಹ ಕನ್ನಡಿಯಂತೆ ಹೊಳೆದು ಕರಗುತ್ತಿತ್ತು. ಅದರೊಳಗೆ ಎಡಗೈಯಲ್ಲಿ ಹಿಡಿದ ಅಲ್ಯೂಮಿನಿಯಂ ತಂತಿಯನ್ನು ಒಮ್ಮೆ ಅದ್ದಿ, ಕಾಲು ಸಡಿಲಿಸಿ, ಒಂದು ಕೂದಲೆಳೆ ಮುಂದೆ ಸರಿದು ಮತ್ತೆ ಅದ್ದುವುದು. ಆರಿದ ಮೇಲೆ ನೋಡಿದರೆ ಥೇಟ್ ಸರಪಳಿ ಹೊಲಿಗೆ! ಆಮೇಲೆ ಓಣಿಯ ಡಬರಿ, ಹಾಲಿನ ಕ್ಯಾನು, ಕುಕ್ಕರಿನ ಹಿಡಿಕೆ ಎಲ್ಲ ನಮ್ಮ ಹಿತ್ತಲಿಗೆ ಬರತೊಡಗಿದವು. ಧಾರಾವಾಹಿಯ ಹೊತ್ತೊಂದನ್ನು ಬಿಟ್ಟು.

ಒಂದು ಶುಕ್ರವಾರ ಸಂಜೆ ವನದುರ್ಗದಿಂದ ಒಬ್ಬ ಕುರಿ ಸಾಕುವ ಹಿರಿಯ ತನ್ನ ಮಗಳು ಮಲ್ಲಮ್ಮನನ್ನು ಕರೆದುಕೊಂಡು ಬಂದ. ಇಪ್ಪತ್ತೆರಡರ ಹುಡುಗಿ, ಅಪ್ಪನ ಹೆಗಲು ಹಿಡಿದು ಕುಂಟುತ್ತ ಬಂದಳು. ಆಕೆಯ ಬಲಗಾಲಿಗೆ ಚಿಕ್ಕಂದಿನಿಂದ ಶಕ್ತಿ ಇಲ್ಲ. ಕಂಕುಳಲ್ಲಿಟ್ಟು ನಡೆಯುವ ಅಲ್ಯೂಮಿನಿಯಂ ಕೋಲು ಹಿಡಿಕೆಯ ಕೆಳಗೆ ಮುರಿದಿತ್ತು. ಸೋಮವಾರ ಹುಣಸಗಿಯ ಒಂದು ಸಣ್ಣ ಮಕ್ಕಳ ಶಾಲೆಯಲ್ಲಿ ಆಕೆ ಟೀಚರ್ ಕೆಲಸಕ್ಕೆ ಸೇರಬೇಕು. ಹೊಸ ಕೋಲು ಕಲಬುರಗಿಯಿಂದ ಬರಲು ಹದಿನೈದು ದಿನ ಎಂದಿದ್ದರಂತೆ.

ಅತ್ತಿ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ ಕಟ್ಟೆಯ ಮೇಲಿಟ್ಟಳು. "ಡಬರಿ ಸೋರಿದ್ರ ಸಾರು ಹೋಗ್ತದ. ಇದು ಮುರಿದ್ರ ಹುಡುಗಿ ಬೀಳ್ತಾಳ. ನಾ ಮುಟ್ಟಂಗಿಲ್ಲ."

ಎಲ್ಲವನ್ನೂ ಬಿಚ್ಚುವ ಅತ್ತಿ ಒಂದು ವಸ್ತುವನ್ನು ಮುಟ್ಟುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಲ್ಲಮ್ಮ ಮೆತ್ತಗೆ ಹೇಳಿದಳು: "ಮುಟ್ರಿ ಬಾಯಾರ. ಬೀಳೋದು ನನಗ ರೂಢಿ ಅದ. ಆದ್ರ ಸೋಮವಾರ ಹೋಗಲಿಲ್ಲಂದ್ರ ಅವ್ರು ಬ್ಯಾರೇದವ್ರನ್ನ ತಗೋತಾರ."

ಅತ್ತಿ ಎದ್ದಳು. ಒಳಗೆ ಹೋಗಿ ಒಂದು ತಾಟು ಅನ್ನ ಬಡಿಸಿ ತಂದು ಹುಡುಗಿಯ ಮುಂದಿಟ್ಟಳು. ಅದೇ ಒಪ್ಪಿಗೆ. ಅಪ್ಪ ಕುರಿ ನೋಡಲು ಊರಿಗೆ ಮರಳಿದ, ಮಲ್ಲಮ್ಮ ನಮ್ಮಲ್ಲೇ ಉಳಿದಳು.

ಶನಿವಾರವಿಡೀ ಅತ್ತಿ ಕೋಲು ಮುಟ್ಟಲಿಲ್ಲ. ಅಂಥದೇ ಪೈಪಿನ ತುಂಡುಗಳನ್ನು ತರಿಸಿ ಬೆಸೆದಳು. ಮಾಮಾ ಅವನ್ನು ಸುತ್ತಿಗೆಯಿಂದ ಹೊಡೆದು ಮುರಿಯಬೇಕು. ಮೊದಲನೆಯದು ಒಂದೇ ಏಟಿಗೆ ಹೋಯಿತು. ನಾಲ್ಕನೆಯದಕ್ಕೆ ಆರು ಏಟು. ಆಗ ಅತ್ತಿ ಒಳಗೊಂದು ಸಣ್ಣ ಪೈಪು ತೂರಿಸಿ, ಅದರ ಮೇಲೆ ಬೆಸೆದಳು. ಅದನ್ನು ಹೊಡೆದೂ ಹೊಡೆದೂ ಮಾಮಾನ ಸುತ್ತಿಗೆಯ ಹಿಡಿಕೆಯೇ ಮುರಿಯಿತು. "ಇನ್ನ ಸುತ್ತಿಗಿಗೆ ಬೆಸಿಗಿ ಹಾಕು" ಎಂದು ಮಾಮಾ ಕೂತುಬಿಟ್ಟರು.

ಭಾನುವಾರ ಬೆಳಿಗ್ಗೆ ಅತ್ತಿ ಸ್ನಾನ ಮಾಡಿ ಬಂದು ಕೋಲನ್ನು ಕೈಗೆತ್ತಿಕೊಂಡಳು. ಉಜ್ಜಿದಳು, ಒರೆಸಿದಳು, ಒಳಗೆ ಸಣ್ಣ ಪೈಪು ತೂರಿಸಿದಳು, ಕೂತಳು. ನೀಲಿ ಬೆಳಕು ಪೈಪಿನ ಸುತ್ತ ಒಂದು ಸುತ್ತು ನಿಧಾನವಾಗಿ ಹರಿಯಿತು. ಮಾಮಾ ಬಗ್ಗಿ ನೋಡಿ, "ಭಾಳ ಚಂದ ಆಗ್ಯಾದಲ್ಲ!" ಎಂದರು. ಅತ್ತಿ ಭೂತಗನ್ನಡಿ ಹಿಡಿದು ಸಾಸಿವೆಯಷ್ಟು ತೂತೊಂದನ್ನು ಹುಡುಕಿದಳು. ಅಷ್ಟನ್ನೂ ಉಜ್ಜಿ ತೆಗೆದು ಮತ್ತೊಮ್ಮೆ ಮಾಡಿದಳು. ಆರಿದ ಮೇಲೂ ಹುಡುಗಿಗೆ ಕೊಡಲಿಲ್ಲ; ತಾನೇ ಕಂಕುಳಲ್ಲಿಟ್ಟುಕೊಂಡು, ಒಂದು ಕಾಲು ಮೇಲೆತ್ತಿ, ಅಂಗಳವನ್ನು ಹತ್ತು ಸುತ್ತು ಹಾಕಿದಳು. "ನಾ ನಿನ್ನಂಥವ್ರು ಇಬ್ಬರಷ್ಟು ಅದೀನಿ. ನನ್ನ ಹೊತ್ತದಂದ್ರ ನಿನ್ನ ಹೊರ್ತದ."

ಸೋಮವಾರ ಬೆಳಿಗ್ಗೆ ನಾನು ಯಾದಗಿರಿ ಬಸ್ಸಿಗೆ, ಮಲ್ಲಮ್ಮ ಸುರಪುರದ ಬಸ್ಸಿಗೆ. ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದ ಅತ್ತಿ, ಬಸ್ಸು ಇನ್ನೇನು ಹೊರಡಬೇಕು, ತಾನೂ ಹತ್ತಿಬಿಟ್ಟಳು! ಮೈಮೇಲೆ ಮನೆಯ ಸೀರೆ, ಕಾಲಲ್ಲಿ ಒಂದು ಕೆಂಪು ಚಪ್ಪಲಿ, ಒಂದು ನೀಲಿ. "ಎಲ್ಲಿಗೆ ಅತ್ತಿ?" ಎಂದು ಕೂಗಿದೆ. ಕಿಟಕಿಯಿಂದ ಕೈ ಬೀಸಿದಳು, ಅಷ್ಟೇ.

ಸಂಜೆ ನಾನು ಬಂದಾಗಲೂ ಆಕೆ ಬಂದಿರಲಿಲ್ಲ. ಮಾಮಾ ಮೂರು ಸಲ ಬಸ್‌ಸ್ಟ್ಯಾಂಡಿಗೆ ಹೋಗಿಬಂದಿದ್ದರು. ದೀಪ ಹಚ್ಚುವ ಹೊತ್ತಿಗೆ ಬಂದು ಕಟ್ಟೆಯ ಮೇಲೆ ಕೂತಳು.

"ಎಲ್ಲಿ ಹೋಗಿದ್ದಿ?" ಮಾಮಾ ಕೇಳಿದರು.

"ಸುರಪುರದಾಗ ಬಸ್ ಬದಲಿ ಮಾಡಬೇಕಲ್ಲ, ಇಳಿಯಾಕ ಹತ್ತಾಕ ಆಕಿಗೆ ತ್ರಾಸ ಆಗ್ತದಂತ ಹೋದೆ. ಹುಣಸಗಿಯಾಗ ಶಾಲಿಗೆ ಮೂರು ಮೆಟ್ಟಲ ಅದಾವ, ಅದಕ್ಕ ಅಲ್ಲಿತನಕ ಹೋದೆ. ಆಮ್ಯಾಲ ಶಾಲಿ ಮುಂದ ಬೇವಿನ ಗಿಡ ಇತ್ತು, ಕುಂತೆ."

"ದಿನಪೂರ್ತಿ?"

"ಕಿಟಕಿಯಾಗ ಕಾಣ್ತಿತ್ತು. ಬೋರ್ಡಿನ ತನಕ ಹನ್ನೊಂದು ಸಲ ಹೋಗಿ ಬಂದ್ಳು. ನಾ ಎಣಿಸೀನಿ. ಒಮ್ಮೆ ಒಂದು ಕೂಸು ಓಡಿ ಬಂದು ಆಕಿಗೆ ಬಡೀತು. ನಾ ಎದ್ದು ನಿಂತೆ. ಕೋಲು ಅಲುಗಲಿಲ್ಲ." ಆ ಕೆಂಪು, ನೀಲಿ ಚಪ್ಪಲಿ ಕಳಚಿ ಬದಿಗಿಟ್ಟು, "ಶಾಲಿ ಬಿಟ್ಟ ಮ್ಯಾಲ ನನ್ನ ನೋಡಿ, ಇನ್ನೂ ಇಲ್ಲೇ ಅದೀರೇನ್ರಿ ಬಾಯಾರ ಅಂದ್ಳು. ಹುಣಸಗಿಯಾಗ ನನಗ ಬ್ಯಾರೇ ಕೆಲಸ ಇತ್ತು ಅಂತ ಹೇಳೀನಿ" ಎಂದಳು.

ಆ ಕೋಲು ಆಮೇಲೂ ಮುರಿಯಲಿಲ್ಲ. ಮಲ್ಲಮ್ಮ ಅದೇ ಶಾಲೆಯಲ್ಲಿ ನಿಂತಳು. ಹೊಸ ಕೋಲು ಬಂದ ಮೇಲೂ ಇದನ್ನೇ ಹಿಡಿದು ನಡೆಯುತ್ತಿದ್ದಳು ಎಂದು ಆಕೆಯ ಅಪ್ಪ ಒಮ್ಮೆ ಹೇಳಿದ. ಆದರೆ ಆ ಸಂಜೆ ಅದೆಲ್ಲ ನಮಗೆ ಗೊತ್ತಿರಲಿಲ್ಲ.

ನಾನು ಚಹಾ ತಂದುಕೊಟ್ಟೆ. ಅತ್ತಿಯ ಕೈಯಲ್ಲಿ ಕಪ್ ಕೆಳಗಿನ ಬಸಿಗೆ ಬಡಿದು ಕಟಕಟ ಎನ್ನತೊಡಗಿತು. ಬೆಳಗಿನಿಂದ ಆ ಕೋಲನ್ನು ಕಣ್ಣಿನಿಂದಲೇ ಹಿಡಿದುಕೊಂಡು ಕೂತವಳು, ಈಗ ಬಿಟ್ಟಿದ್ದಳು.

"ಊಟ ಮಾಡೀಯೇನು?" ಎಂದರು ಮಾಮಾ.

ಅತ್ತಿ ಇಲ್ಲವೆಂದು ತಲೆಯಲ್ಲಾಡಿಸಿದಳು.

ಮಾಮಾ ಆಕೆಯ ಕೈಯಿಂದ ಕಪ್-ಬಸಿ ತೆಗೆದುಕೊಂಡರು. ಪಕ್ಕದಲ್ಲಿ ಕೂತು ಬಸಿಗೆ ಒಂದಿಷ್ಟು ಚಹಾ ಸುರುವಿ, ಊದಿ ಊದಿ ಆರಿಸಿ, ಆಕೆಯ ಬಾಯಿಗೆ ಹಿಡಿದರು. ಅವರ ಮದುವೆಯಾಗಿ ಅಷ್ಟು ವರ್ಷವಾದರೂ ನನ್ನೆದುರು ಆಕೆಯ ಪಕ್ಕದಲ್ಲಿ ಅವರು ಕೂತದ್ದನ್ನೇ ನಾನು ಕಂಡಿರಲಿಲ್ಲ. ಅತ್ತಿ ಕಣ್ಣು ಮುಚ್ಚಿ, ಬಸಿಯಷ್ಟನ್ನೂ ಕುಡಿದಳು.