ನಮ್ಮ ಟ್ಯೂನರ್ ಕಾರ್ಡಿಗೆ ಓಣಿಯ ಮಗ್ಗಗಳೆಲ್ಲ ನಿಂತದ್ದು

ಇದನ್ನು ನೀವು ನಂಬುವುದಿಲ್ಲ. ಬಿಡಿ, ಅವತ್ತು ನಮ್ಮ ಬಾಗಿಲಲ್ಲೇ ನಿಂತಿದ್ದ ಬನಹಟ್ಟಿಯ ನಮ್ಮ ಓಣಿಯವರೇ ಇನ್ನೂ ಪೂರ್ತಿ ನಂಬಿಲ್ಲ!

ಆಹಾ, ಆ ಕಾಲವೇ ಬೇರೆ. ಅಂದರೆ ಎರಡು ವರ್ಷದ ಹಿಂದಿನ ಮಾತು. ನಾನು ಹತ್ತನೇ ತರಗತಿಗೆ ಕಾಲಿಟ್ಟ ದಿನವೇ ಅಪ್ಪ ನಮ್ಮ ಟಿವಿಯನ್ನು ಬಸ್ಸಿಗೆ ಹಾಕಿ ಲೋಕಾಪುರದ ಅತ್ತೆಯ ಮನೆಗೆ ಕಳಿಸಿಬಿಟ್ಟ. ಗೋಡೆಯಲ್ಲಿ ಕೇಬಲ್ ವೈರು ಅನಾಥವಾಗಿ ಜೋತಾಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅಜ್ಜ ನಿಟ್ಟುಸಿರು ಬಿಡುತ್ತಿದ್ದ. ಉಳಿದದ್ದು ಕಂಪ್ಯೂಟರ್ ಒಂದೇ. ಸೀರೆಯ ಸೆರಗಿನ ಡಿಸೈನ್ ಇದರಲ್ಲೇ ತೆಗೆಯುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟು ಕೊಡಿಸಿಕೊಂಡಿದ್ದೆ. ವರ್ಷಪೂರ್ತಿ ಕುಳಿತು ಒಂದು ನವಿಲು ತೆಗೆದಿದ್ದೆ. ಅದೂ ಕೋಳಿಯ ಹಾಗಿತ್ತು.

ಅಷ್ಟರಲ್ಲಿ ಕ್ರಿಕೆಟ್ ಫೈನಲ್ ಬಂತು. "ಕಂಪ್ಯೂಟರಿನ್ಯಾಗ ಟಿವಿ ಕುಂದ್ರಸ್ತೇನಿ, ಎಲ್ಲಾರೂ ಬರ್ರಿ" ಎಂದು ಗೆಳೆಯರೆದುರು ಎದೆ ತಟ್ಟಿದೆ. ದುಡ್ಡು ಕೊಟ್ಟವನು ಅಜ್ಜ. ಸಿಕ್ಕಿಬಿದ್ದರೆ ಕಂಪ್ಯೂಟರೂ ಲೋಕಾಪುರದ ಬಸ್ಸು ಹತ್ತುವುದು ಖಚಿತ. ಆದರೆ ಸಿಕ್ಕಿಬೀಳುವ ಪೈಕಿ ನಾನಲ್ಲವಲ್ಲ!

ಗೆಳೆಯ ಬಸ್ಯಾನ ಜೊತೆ ಜಮಖಂಡಿಗೆ ಹೋದೆ. ಅಂಗಡಿಯವರು ಕಂಪ್ಯೂಟರಿನಲ್ಲಿ ಟಿವಿ ತೋರಿಸುವ ಟ್ಯೂನರ್‌ಗಳ ಎರಡು ನಮೂನೆ ಮುಂದಿಟ್ಟರು.

"ತಮ್ಮಾ, ಈ ಹೊರಗ ಇಡೂ ಡಬ್ಬಿ ತಗೋ. ವಾಯರ್ ಹಚ್ಚಿದ್ರ ಆತು. ಒಳಗ ಕುಂದ್ರಸೂ ಕಾರ್ಡ್ ನಿಮ್ಮ ಊರಿಗೆ ಬ್ಯಾಡ. ಮಗ್ಗದ ಮೋಟಾರ್ ಬಾಜೂಕ ಇದ್ರ ಚಿತ್ರದಾಗ ಗೆರಿ ಬೀಳ್ತಾವ."

"ಗೆರಿ ನಮಗೇನ ಹೊಸಾವೇನ್ರಿ? ಸೀರಿ ನೇಯೂ ಮಂದಿ ನಾವು!"

ಹೊರಗಿಟ್ಟರೆ ಅಪ್ಪನ ಕಣ್ಣಿಗೆ ಬೀಳುತ್ತದೆ ಎಂಬುದು ಒಳಗಿನ ಗುಟ್ಟು. ಅಪ್ಪ ನೂಲು ಕೊಳ್ಳುವಾಗ ಮಾಡುವಂತೆಯೇ ಆ ಕಾರ್ಡನ್ನು ಬೆರಳಲ್ಲಿ ತಿಕ್ಕಿದೆ, ಬೆಳಕಿಗೆ ಹಿಡಿದೆ, ಮೂಸಿಯೂ ನೋಡಿದೆ. "ಮಾಲು ಛಲೋ ಐತಿ" ಎಂದು ತೀರ್ಪು ಕೊಟ್ಟೆ. ಅಂಗಡಿಯವರು ಬೇರೆ ಗಿರಾಕಿಯ ಕಡೆ ತಿರುಗಿಕೊಂಡರು.

ಫೈನಲ್ ದಿನ ಅವ್ವ ಬೀಳಗಿಯ ತವರಿನಲ್ಲಿದ್ದಳು. ಅಪ್ಪ ಸೀರೆಯ ಗಂಟು ಹೊತ್ತು ಮುಧೋಳಕ್ಕೆ ಹೋದ. ನಾನು ಕಂಪ್ಯೂಟರ್ ಬಿಚ್ಚಿದೆ. ಒಳಗೆ ಒಂದು ದಿಂಬಿಗಾಗುವಷ್ಟು ನೂಲಿನ ಧೂಳು! ತೆಗೆದು, ಕಾರ್ಡು ಕೂರಿಸಿ ಮುಚ್ಚಿದೆ. ಮೂರು ಸ್ಕ್ರೂ ಉಳಿದವು.

"ಇವು ಎಲ್ಲೀವೋ?" ಎಂದ ಬಸ್ಯಾ.

"ಹೆಚ್ಚಿಗಿ ಕೊಟ್ಟಿರ್ತಾರಲೇ!"

ಗೋಡೆಯ ಕೇಬಲ್ ವೈರು ಸಿಕ್ಕಿಸಿದೆ; ಗೆಳೆಯರೂ ಅಜ್ಜನೂ ಪರದೆಯ ಮುಂದೆ ಕುಳಿತರು. ಚಿತ್ರ ಬಂತು. ಗೆರೆಗಳೂ ಬಂದವು.

"ಲೇ, ಆಟಗಾರ್ರೆಲ್ಲಾ ಪಟ್ಟಾಪಟ್ಟಿ ಸೀರಿ ಉಟ್ಟಾರಲ್ಲೋ!" ಎಂದ ಬಸ್ಯಾ.

ಪಕ್ಕದ ಕೋಣೆಯಲ್ಲಿ ನಮ್ಮ ಎರಡು ಮಗ್ಗ ಖಟಾಖಟ್ ಓಡುತ್ತಿದ್ದವು. ಓಡಿಸುತ್ತಿದ್ದ ಈರಪ್ಪ ಕಾಕಾನ ಬಳಿ ಹೋಗಿ, "ಕಾಕಾ, ತುಸು ಮಗ್ಗ ಬಂದ್ ಮಾಡ್ರಿ. ಗಣಿತ ತಲಿಗೆ ಹತ್ತವಲ್ದು" ಎಂದೆ.

ಕಾಕಾ ಮಗ್ಗ ನಿಲ್ಲಿಸಿ, ನನ್ನ ಹಿಂದೆಯೇ ಬಂದು ಅಜ್ಜನ ಪಕ್ಕ ಕುಳಿತರು. "ಗಣಿತದಾಗ ಎಷ್ಟ ವಿಕೆಟ್ ಹೋದೂ?"

ಗೆರೆಗಳು ಅರ್ಧ ಕಡಿಮೆಯಾದವು. ಆಮೇಲೆ ನೋಡಿ ಚಮತ್ಕಾರ! ಎಡಗಡೆ ಮನೆಯ ಮಗ್ಗ ನಿಂತಿತು. ಬಲಗಡೆಯದೂ ನಿಂತಿತು. ಒಂದೊಂದಾಗಿ ಇಡೀ ಓಣಿ ಗಪ್‌ಚಿಪ್! ಚಿತ್ರ ಕನ್ನಡಿಯಂತಾಯಿತು.

"ನೋಡ್ರಲೇ, ಹೊಸಾ ಕಾರ್ಡ್. ಬಿಸಿ ಆಗಾಕ ಟೈಮ್ ಬೇಕಾಗಿತ್ತು" ಎಂದು ಕಾಲರ್ ಏರಿಸಿದೆ.

ಆ ಜಂಬದಲ್ಲಿ ಒಂದು ವಿಷಯ ಮರೆತಿದ್ದೆ. ಕರೆಂಟು ಇದ್ದೂ ನಡುಮಧ್ಯಾಹ್ನ ಒಂದು ಮನೆಯ ಮಗ್ಗ ನಿಂತರೆ ನಮ್ಮ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ: ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಕೂಡಲೇ ಓಣಿಯವರೂ ತಮ್ಮ ಮಗ್ಗ ನಿಲ್ಲಿಸಿ ಆ ಮನೆಯ ಬಾಗಿಲಿಗೆ ಬರುತ್ತಾರೆ. ನಮ್ಮ ಮನೆಯಲ್ಲಿ ತೀರಿಕೊಳ್ಳುವ ವಯಸ್ಸಿನವನು ಅಜ್ಜ ಒಬ್ಬನೇ! ಅದೇ ಹೊತ್ತಿಗೆ ನಮ್ಮವರ ವಿಕೆಟ್ ಬಿತ್ತು. ಎಲ್ಲರೂ ಒಟ್ಟಿಗೆ "ಅಯ್ಯಯ್ಯೋ!" ಎಂದು ಚೀರಿದೆವು. ಹೊರಗೆ ನಿಂತವರಿಗೆ ಇನ್ನೇನು ಬೇಕು?

"ಭಾಳ ಛಲೋ ಮನಷ್ಯಾ ಇದ್ದ!" ಎಂದು ಎದುರುಮನೆಯ ಗಂಗವ್ವ ಅಂಗಳದಲ್ಲೇ ಅಳು ಶುರು ಮಾಡಿದಳು.

ಅಜ್ಜ ಪರದೆಯಿಂದ ಕಣ್ಣು ಕೀಳದೆ ಕೂಗಿ ಕೇಳಿದ: "ಯಾರ ಹೋದರ ಗಂಗವ್ವಾ, ಪಾಪ?"

ಆಕೆ ಉತ್ತರಿಸುವ ಮೊದಲೇ, ಮುಧೋಳದ ಬಸ್ಸಿಳಿದು ಬಂದ ಅಪ್ಪ ಜನರನ್ನು ಸರಿಸಿಕೊಂಡು ಓಡಿ ಒಳಗೆ ಬಂದ. ಒಂದೇ ಕಾಲಲ್ಲಿ ಚಪ್ಪಲಿ. ನಿಂತ ಮಗ್ಗ, ಬಾಗಿಲಲ್ಲಿ ಮಂದಿ, ಯಾರದೋ ಕೈಯಲ್ಲಿ ಹೂವಿನ ಹಾರ. ಎಲ್ಲವನ್ನೂ ನೋಡಿಕೊಂಡೇ ಬಂದಿದ್ದ.

"ಅಪ್ಪಾ..." ಅವನ ದನಿ ಒಡೆದಿತ್ತು.

"ಒದರಬ್ಯಾಡಲೇ! ಕಡೀ ಓವರ್ ಐತಿ" ಎಂದ ಅಜ್ಜ.

ಅಪ್ಪ ಅಜ್ಜನ ಹೆಗಲು ಮುಟ್ಟಿ ನೋಡಿದ. ಅವನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಆಮೇಲೆ ಕಂಪ್ಯೂಟರ್ ನೋಡಿದ. ಕೇಬಲ್ ವೈರು ನೋಡಿದ. ನನ್ನನ್ನು ನೋಡಿದ. ನೀರು ತಕ್ಷಣ ಆರಿತು!

"ಏನಿದು?"

"ಸೆರಗಿನ ಡಿಸೈನ್, ಅಪ್ಪಾ."

ಅಪ್ಪ ವೈರು ಕಿತ್ತ. ಮರುದಿನ ಕಂಪ್ಯೂಟರ್ ಲೋಕಾಪುರದ ಬಸ್ಸು ಹತ್ತಿತು. ನನಗೆ ಉಳಿದದ್ದು ಮೂರು ಸ್ಕ್ರೂ. ಈಗಲೂ ಓಣಿಯಲ್ಲಿ ಯಾರಾದರೂ ನಿಜವಾಗಿಯೇ ತೀರಿಕೊಂಡು ಮಗ್ಗಗಳು ನಿಂತರೆ, ಗಂಗವ್ವ ಅಳುವ ಮೊದಲು ನಮ್ಮ ಬಾಗಿಲಿಗೆ ಬಂದು ನನ್ನನ್ನು ಕೇಳುತ್ತಾಳೆ:

"ಇವತ್ತ ಮ್ಯಾಚ್ ಏನರ ಐತೇನೋ?"