ಫೋಟೋದವಳನ್ನು ಹುಡುಕಿಕೊಂಡು ಹೋದದ್ದು

ಯಾರನ್ನಾದರೂ ಹುಡುಕಿಕೊಂಡು ಹೊರಟರೆ ನನಗೆ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸಿಗುತ್ತಾರೆ. ಹಣೆಬರಹವೇ ಹಾಗಿದೆ.

ನಾನು ಮಡಿಕೇರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮನೆಯೆಂದರೆ ಒಂದು ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ. ನಲವತ್ತೆರಡನೇ ವಯಸ್ಸಿನಲ್ಲಿ ಮನೆಯಲ್ಲೇ ಕೂತು ಓದಬಹುದಾದ, ದೂರಶಿಕ್ಷಣದ ಕಲಾ ಎಂ.ಎ.ಗೆ ಸೇರಿದೆ. ಸಂಜೆಗಳು ಉದ್ದವಾಗಿದ್ದವು, ಅಷ್ಟೇ ಕಾರಣ. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ನಮ್ಮ ಜಿಲ್ಲೆಯವಳೇ ಆದ ಒಬ್ಬ ಫೋಟೋಗ್ರಾಫರನ್ನು. ಎಸ್ಟೇಟ್ ಜನರ ಫೋಟೋ ತೆಗೆದು, ಸಣ್ಣ ಸಿನಿಮಾ ಮಾಡಿ, ಹೊರಗೆಲ್ಲ ಹೆಸರಾದವಳು. ನಾಲ್ಕು ಸಲ ಮೇಲ್ ಮಾಡಿದೆ, ಉತ್ತರವಿಲ್ಲ. ಅವಳನ್ನು ಬಲ್ಲವರನ್ನಾದರೂ ನೋಡೋಣವೆಂದು ಹೊರಟೆ.

೧. ಆನೆಯೇ ವಾಸಿ

ಅವಳ ಹೆಸರಾಂತ ಫೋಟೋದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸಿದ್ದಾಪುರದ ಹತ್ತಿರ ಎಸ್ಟೇಟ್ ಕೆಲಸಗಾರರ ಲೈನ್ ಮನೆಯಲ್ಲಿ ಅವರೇ ಸಿಕ್ಕರು. ನನ್ನ ಕೈಯಲ್ಲಿ ಪುಸ್ತಕ, ಪೆನ್ನು ಕಂಡದ್ದೇ ಹಿತ್ತಲಿಗೆ ಎಳೆದುಕೊಂಡು ಹೋದರು.

"ಬರ್ಕೊಳ್ಳಿ ಮೇಡಂ, ಹದಿನಾರು ಬಾಳೆ. ಒಂದೂ ಬಿಟ್ಟಿಲ್ಲ ಆನೆ."

"ಅಜ್ಜಿ, ನಾನು ಪರಿಹಾರ ಬರ್ಕೊಳ್ಳೋ ಫಾರೆಸ್ಟ್ ಇಲಾಖೆಯವಳಲ್ಲ. ನಿಮ್ಮ ಫೋಟೋ ತೆಗೆದವರ ಬಗ್ಗೆ ಕೇಳೋಕೆ ಬಂದೆ."

ಅಜ್ಜಿಯ ಮುಖ ಇಳಿಯಿತು. "ಆ ಅಮ್ಮನಾ? ಅವಳಿಗಿಂತ ಆನೆಯೇ ವಾಸಿ. ಆನೆ ಒಂದು ಸಲ ಬಂದು ಹೋಯ್ತು. ಅವಳು ಹದಿನೈದು ದಿನ ಬಂದ್ಳು."

೨. ಬೆನ್ನು

ಮಡಿಕೇರಿಯ ಹಳೆಯ ಸ್ಟುಡಿಯೋದವರ ಹತ್ತಿರ ಅವಳು ಮೊದಲು ಕ್ಯಾಮೆರಾ ಹಿಡಿದದ್ದಂತೆ. ಹೇಗಿದ್ದಳು ಎಂದು ಕೇಳಿದೆ.

"ಹೇಗೆ ಅಂತ ಹೇಳಲಿ ಟೀಚರೇ? ಲೈಸೆನ್ಸಿಗೆ ಪಾಸ್‌ಪೋರ್ಟ್ ಸೈಜ್ ಬೇಕು ಅಂತ ಒಬ್ಬ ಬಂದ. ನಾನು ಊಟಕ್ಕೆ ಹೋಗಿದ್ದೆ. ಇವಳು ಅವನನ್ನ ಗೋಡೆ ಕಡೆ ತಿರುಗಿಸಿ ಬೆನ್ನು ತೆಗೆದ್ಲು. ಮುಖಕ್ಕಿಂತ ಬೆನ್ನೇ ಹೆಚ್ಚು ಮಾತಾಡುತ್ತೆ ಅಂದ್ಲು."

"ಆಮೇಲೆ?"

"ಆಮೇಲೇನು, ಇಲ್ಲಿ ಲೈಸೆನ್ಸ್ ಕಚೇರಿಯವರು ವಾಪಸ್ ಕಳಿಸಿದ್ದನ್ನ ದಿಲ್ಲಿಯ ಎಕ್ಸಿಬಿಷನ್‌ನವರು ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿದ್ರು!"

೩. ಒಳಗಿನ ಮಂಜು

ಅವಳ ಸಿನಿಮಾ ಹನ್ನೊಂದು ನಿಮಿಷದ್ದು. ಮಾತಿಲ್ಲ, ಬರೀ ಮಂಜು. ಊರಿನವರ ಅಭಿಪ್ರಾಯ ತಿಳಿಯಲೆಂದು ಒಂದು ಹಾಲ್ ಹಿಡಿದು ಇಪ್ಪತ್ತು ಕುರ್ಚಿ ಹಾಕಿಸಿದೆ. ಸಹೋದ್ಯೋಗಿಗಳೆಲ್ಲ "ಖಂಡಿತ ಬರ್ತೀವಿ" ಅಂದಿದ್ದರು. ಬಂದದ್ದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಹತ್ತೊಂಬತ್ತು ಖಾಲಿ ಕುರ್ಚಿಗಳ ಕಡೆ ನೋಡದಿರಲು ದೀಪ ಬೇಗ ಆರಿಸಿದೆ.

ಐದು ನಿಮಿಷ ಪರದೆ ತುಂಬ ಬೆಳ್ಳಗೆ. ಆತ ಎದ್ದು ಹೋಗಿ ಟವೆಲ್‌ನಿಂದ ಪರದೆ ಒರೆಸಿದರು. ಮಂಜು ಹೋಗಲಿಲ್ಲ. ವಾಪಸ್ ಬಂದು ನನ್ನ ಪಕ್ಕದ ಕಿಟಕಿ ತೆಗೆದರು. ಹೊರಗೂ ಅದೇ ಮಂಜು.

"ನೋಡಿ ಮೇಡಂ," ಎಂದರು ಮೆಲ್ಲಗೆ, "ಇದು ತಣ್ಣಗೂ ಇದೆ."

೪. ಸಂದರ್ಶನ

ಕೊನೆಗೊಂದು ದಿನ ಅವಳೇ ಬರೆದಳು: "ಭಾಗಮಂಡಲದಲ್ಲಿದ್ದೇನೆ, ಶನಿವಾರ ಬನ್ನಿ." ಮಳೆಯಲ್ಲಿ ಬಸ್ಸು ಹಿಡಿದು, ನಲವತ್ತು ಪ್ರಶ್ನೆ ಬರೆದುಕೊಂಡು ಹೋದೆ. ನನ್ನದೇ ವಯಸ್ಸಿನವಳು. ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟು, ಕಾಫಿ ಇಟ್ಟು, "ದಾರಿಯಲ್ಲಿ ಕಷ್ಟ ಆಯ್ತಾ?" ಎಂದಳು. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದೆ. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಇಷ್ಟು ಚೆನ್ನಾದ ಸಂದರ್ಶನ ಯಾರಿಗೂ ಸಿಕ್ಕಿರಲಾರದು ಅಂದುಕೊಂಡು ಹಿಂತಿರುಗಿದೆ.

ಭಾನುವಾರ ಕೇಳಿಸಿಕೊಂಡೆ. ಎರಡು ಗಂಟೆಯೂ ನನ್ನದೇ ದನಿ! ಅಮ್ಮ ತೀರಿಕೊಂಡದ್ದು, ಆಗದೆ ಹೋದ ಮದುವೆ, ಒಬ್ಬಳಿಗೆ ಅನ್ನ ಮಾಡುವಾಗ ಅಳತೆ ತಪ್ಪುವುದು, ರಜೆ ಬಂದರೆ ಆಗುವ ಭಯ. ನಡುನಡುವೆ ಅವಳ "ಹೂಂ", "ಆಮೇಲೆ?" ಕೊನೆಯಲ್ಲಿ ಒಂದೇ ಪ್ರಶ್ನೆ: "ನೀವು ಹೀಗೆ ಮಾತಾಡಿ ಎಷ್ಟು ದಿನ ಆಗಿತ್ತು?" ಆಮೇಲೆ ಬರೀ ಮಳೆಯ ಸದ್ದು.

ಮರುದಿನವೇ ಪ್ರಾಜೆಕ್ಟಿನ ಸಂದರ್ಶನದ ಧ್ವನಿಮುದ್ರಣ ಕಳಿಸುವ ಕೊನೆಯ ದಿನ. ಬೇರೆ ದಾರಿ ಕಾಣದೆ, ಬೈಸಿಕೊಳ್ಳಲು ಸಿದ್ಧಳಾಗಿಯೇ ಕಳಿಸಿದೆ. ನನ್ನ ಪ್ರಾಜೆಕ್ಟಿನ ಮಾರ್ಗದರ್ಶಕರು ಮೈಸೂರಿನವರು. ನಮ್ಮದೆಲ್ಲ ಮೇಲ್‌ನಲ್ಲೇ, ನನ್ನ ದನಿಯನ್ನೂ ಅವರು ಕೇಳಿದವರಲ್ಲ. ವಾರದಲ್ಲಿ ಉತ್ತರ ಬಂತು.

"ಅದ್ಭುತ! ಕಲಾವಿದೆ ಎಷ್ಟು ಮನಬಿಚ್ಚಿ ಮಾತಾಡಿದ್ದಾರೆ! ಕೇಳುತ್ತ ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಮೇಡಂ, ನೀವು ಬರೀ 'ಹೂಂ' ಅಂದುಕೊಂಡು ಕೂತಿದ್ದೀರಲ್ಲ. ಪಾಪ, ಅವರಿಗೆ ಇನ್ನೂ ಒಂದೆರಡು ಪ್ರಶ್ನೆಯನ್ನಾದರೂ ಕೇಳಬಾರದಿತ್ತೇ?"